ತುಕ್ಕು ತಿಂದ ತಗಡಿನ ಜಾಗಕ್ಕೆ ಫೈಬರ್: ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯಲ್ಲ

ಹಳೇ ಜೀಪಿನ ಮಡ್‌ಗಾರ್ಡ್ ಹೊರಗಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ. ಪೇಂಟು ಒಂದೆರಡು ಕಡೆ ಉಬ್ಬಿರುತ್ತದೆ, ಅಷ್ಟೆ. ಆ ಉಬ್ಬಿದ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಸ್ವಲ್ಪ ಒತ್ತಿ ನೋಡಿ. ಸೀದಾ ಒಳಗೆ ಹೋಗುತ್ತದೆ. ತಗಡು ಅಲ್ಲಿ ಉಳಿದೇ ಇಲ್ಲ. ಮೇಲೆ ಪೇಂಟು, ಅದರ ಕೆಳಗೆ ಹಳೇ ಪುಟ್ಟಿ, ಅದರ ಕೆಳಗೆ ಕಂದು ಪುಡಿ.

ಕರಾವಳಿ, ಮಲೆನಾಡುಗಳಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ಇದೇನೂ ಹೊಸದಲ್ಲ. ಆಗ ಗ್ಯಾರೇಜಿನಲ್ಲಿ ಎರಡು ಸಲಹೆ ಸಿಗುತ್ತವೆ. ಒಂದು, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡೋದು. ಇನ್ನೊಂದು, "ಫೈಬರ್ ಹಾಕಿಸಿಬಿಡಿ ಸಾರ್, ಇನ್ನು ಜನ್ಮದಲ್ಲಿ ತುಕ್ಕು ಹಿಡಿಯಲ್ಲ."

ಎರಡನೇ ಮಾತು ಸುಳ್ಳಲ್ಲ. ಫೈಬರ್ ಅಂದರೆ ಗಾಜಿನ ಎಳೆಗಳು ಮತ್ತು ಅವನ್ನು ಹಿಡಿದಿಡುವ ರೆಸಿನ್ ಅನ್ನೋ ಗಟ್ಟಿಯಾಗುವ ಅಂಟು. ಗಾಜಿಗೂ ತುಕ್ಕು ಹಿಡಿಯಲ್ಲ, ರೆಸಿನ್‌ಗೂ ಹಿಡಿಯಲ್ಲ. ಆದರೆ ಅದು ಅರ್ಧ ಉತ್ತರ. ಆ ಜಾಗದಲ್ಲಿದ್ದ ತಗಡು ಇಷ್ಟು ವರ್ಷ ಏನು ಕೆಲಸ ಮಾಡುತ್ತಿತ್ತು ಅನ್ನೋದನ್ನು ಮೊದಲು ಕೇಳಬೇಕು. ಬರೀ ಮುಚ್ಚಳವಾಗಿತ್ತಾ? ಅಥವಾ ಗಾಡಿಯ ಭಾರ ಹೊರುತ್ತಿತ್ತಾ? ಮುಚ್ಚಳವಾಗಿದ್ದರೆ ಫೈಬರ್ ಒಳ್ಳೇ ಆಯ್ಕೆ. ಭಾರ ಹೊರುತ್ತಿದ್ದರೆ ಫೈಬರ್ ಅಪಾಯ. ಯಾಕೆ ಹೀಗೆ ಅಂತ ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ತುಕ್ಕು ಎಲ್ಲಿಂದ ಶುರುವಾಗುತ್ತದೆ

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಹಿಡಿಯುತ್ತದೆ. ನೀರಿನಲ್ಲಿ ಉಪ್ಪು ಸೇರಿದರೆ ಈ ಕೆಲಸ ಜೋರಾಗುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕು ಹಿಡಿಯೋದು ಕೂಡ ಒಂದು ವಿದ್ಯುತ್-ರಾಸಾಯನಿಕ ಕ್ರಿಯೆಯೇ. ಕರಾವಳಿಯ ಗಾಳಿಯಲ್ಲೇ ಉಪ್ಪಿದೆ. ಸಾಲದ್ದಕ್ಕೆ ಮೀನು ಸಾಗಿಸುವ ಲಾರಿಗಳಿಂದ ಸೋರುವ ಐಸ್ ನೀರು ರಸ್ತೆ ತುಂಬ. ಹಿಂದೆ ಹೋಗುವ ಗಾಡಿಯ ಅಡಿಭಾಗಕ್ಕೆ ಅದೇ ಸ್ನಾನ.

ಮಲೆನಾಡಿನಲ್ಲಿ ಸಮುದ್ರ ಇಲ್ಲ, ಆದರೂ ತೋಟದ ಜೀಪುಗಳ ತಳ ಬೇಗ ಹೋಗುತ್ತದೆ. ಮಳೆ, ಕೆಸರು ಒಂದು ಕಾರಣ. ಇನ್ನೊಂದು ಕಾರಣ ಗೊಬ್ಬರ. ಪೊಟ್ಯಾಷ್ ಅಂತ ನಾವು ಚೀಲಗಟ್ಟಲೆ ಹೊರುವ ಗೊಬ್ಬರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಕಬ್ಬಿಣದ ಪಾಲಿಗೆ ಎರಡೂ ಒಂದೇ ಜಾತಿಯ ಶತ್ರು. ಚೀಲದಿಂದ ಉದುರಿದ ಪುಡಿ ಜೀಪಿನ ಹಿಂಭಾಗದ ಮೂಲೆಗಳಲ್ಲಿ ಕೂತು, ಮಳೆಗಾಲದ ತೇವ ಹೀರಿ, ತಗಡನ್ನು ನಿಧಾನವಾಗಿ ತಿನ್ನುತ್ತಾ ಇರುತ್ತದೆ.

ಮುಖ್ಯ ವಿಷಯ ಏನಂದ್ರೆ, ತುಕ್ಕು ಹೆಚ್ಚಾಗಿ ಒಳಗಿನಿಂದ ಹೊರಗೆ ಬರುತ್ತದೆ. ಎರಡು ತಗಡು ಸೇರುವ ಸಂದು, ಮಡ್‌ಗಾರ್ಡಿನ ಒಳಮಡಿಕೆ, ಬಾಗಿಲಿನ ತಳ, ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ಪಟ್ಟಿ, ಬ್ಯಾಟರಿ ಕೂರುವ ತಟ್ಟೆ. ಇವೆಲ್ಲ ಮಣ್ಣು ಸೇರಿ ನೀರು ನಿಲ್ಲುವ ಜಾಗಗಳು. ಬಾಗಿಲಿನ ತಳದಲ್ಲಿ ನೀರು ಹೋಗಲಿ ಅಂತ ಕಂಪನಿಯೇ ಸಣ್ಣ ತೂತು ಬಿಟ್ಟಿರುತ್ತದೆ. ಆ ತೂತು ಮಣ್ಣಿನಿಂದ ಮುಚ್ಚಿಹೋದರೆ ಬಾಗಿಲು ಒಂದು ತೊಟ್ಟಿಯಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತದೆ, ಹಾಗಾಗಿ ಪೇಂಟನ್ನು ಹೊರಕ್ಕೆ ತಳ್ಳುತ್ತದೆ. ಅಂದರೆ ಗುಳ್ಳೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಇದನ್ನು ಮೊದಲೇ ಹೇಳೋಕೆ ಕಾರಣ ಇದೆ. ಎಷ್ಟೋ ಕಡೆ "ಫೈಬರ್ ಕೆಲಸ" ಅಂತ ಮಾಡೋದು ಪ್ಯಾನಲ್ ಬದಲಿಸೋದನ್ನಲ್ಲ. ತೂತು ಬಿದ್ದ ತಗಡಿನ ಮೇಲೆ ಒಂದು ತುಂಡು ಫೈಬರ್ ಮ್ಯಾಟ್ (ಗಾಜಿನ ಎಳೆಗಳ ಹಾಳೆ) ಹಾಕಿ, ರೆಸಿನ್ ಬಳಿದು, ಪುಟ್ಟಿ ಎಳೆದು ಪೇಂಟ್ ಹೊಡೆಯುತ್ತಾರೆ. ಇದು ದುಡ್ಡು ದಂಡ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಲ್ಲ, ತುಕ್ಕಿನ ಮೇಲಂತೂ ಅಂಟೋದೇ ಇಲ್ಲ. ಕೆಳಗಿನ ತುಕ್ಕು ತನ್ನ ಪಾಡಿಗೆ ಬೆಳೆಯುತ್ತದೆ, ಮ್ಯಾಟ್ ಹಪ್ಪಳದ ಹಾಗೆ ಎದ್ದು ಬರುತ್ತದೆ. ಒಂದೆರಡು ಮಳೆಗಾಲ ದಾಟಿದರೆ ಹೆಚ್ಚು. ಗಾಡಿ ಮಾರೋಕೆ ಹೊರಟವರಿಗೆ ಅಷ್ಟು ಸಾಕು, ಅದಕ್ಕೇ ಈ ಕೆಲಸ ಇನ್ನೂ ನಡೀತಿದೆ. ಹಳೇ ಗಾಡಿ ಕೊಳ್ಳುವವರು ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಓಡಿಸಿ ನೋಡಿ. ಎಲ್ಲಿ ಹಿಡಿತ ಬಿಡುತ್ತದೋ ಅಲ್ಲಿ ತಗಡಿಲ್ಲ, ಅಥವಾ ಪುಟ್ಟಿ ದಪ್ಪಗಿದೆ.

ಫೈಬರ್ ಅಂದರೆ ಏನು

ಸಣ್ಣ ಗಾಜಿನ ಎಳೆಗಳನ್ನು ರೆಸಿನ್‌ನಲ್ಲಿ ನೆನೆಸಿ ಗಟ್ಟಿ ಮಾಡಿದರೆ ಅದೇ ಫೈಬರ್‌ಗ್ಲಾಸ್. ಶಕ್ತಿ ಗಾಜಿನದು. ರೆಸಿನ್ ಆ ಎಳೆಗಳನ್ನು ಜಾಗದಲ್ಲಿ ಹಿಡಿದುಕೊಳ್ಳುತ್ತದೆ, ಆಕಾರ ಕೊಡುತ್ತದೆ. ರೆಸಿನ್ ಜಾಸ್ತಿಯಾದರೆ ಪ್ಯಾನಲ್ ಭಾರ ಆಗುತ್ತದೆ ಮತ್ತು ಪಟ್ಟನೆ ಒಡೆಯುತ್ತದೆ. ಕಡಿಮೆಯಾದರೆ ಎಳೆಗಳು ಒಣಗಿಯೇ ಉಳಿದು, ಅಲ್ಲಿ ನೀರು ಸೇರುತ್ತದೆ.

ಗಾಜು ಹಲವು ರೂಪದಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಕಾಣೋದು ಎಳೆಗಳನ್ನು ತುಂಡು ಮಾಡಿ ಅಡ್ಡಾದಿಡ್ಡಿ ಹರಡಿ ಹಾಳೆ ಮಾಡಿದ ಮ್ಯಾಟ್. ಇದನ್ನು ತೂಕದ ಲೆಕ್ಕದಲ್ಲಿ ಕೇಳುತ್ತಾರೆ, 300 ಗ್ರಾಂ, 450 ಗ್ರಾಂ ಅಂತ. ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ಗಾಜು ಎಂದರ್ಥ. 450ರ ಒಂದು ಪದರ ರೆಸಿನ್ ಕುಡಿದು ಗಟ್ಟಿಯಾದ ಮೇಲೆ ಸುಮಾರು 1 ಮಿ.ಮೀ. ದಪ್ಪ ಆಗುತ್ತದೆ. ಅದಕ್ಕೆ ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಕೆಜಿ ರೆಸಿನ್ ಬೇಕು. ಇನ್ನೊಂದು, ಬಟ್ಟೆಯ ಹಾಗೆ ನೇಯ್ದದ್ದು. ಇದಕ್ಕೆ ಬಲ ಜಾಸ್ತಿ, ಆದರೆ ಮೂಲೆ-ಮಡಿಕೆಗಳಲ್ಲಿ ಕೂರಿಸೋದು ಕಷ್ಟ.

ರೆಸಿನ್‌ನಲ್ಲೂ ದರ್ಜೆ ಇದೆ. ಸಾಮಾನ್ಯ ಪಾಲಿಯೆಸ್ಟರ್ ಅಗ್ಗ. ಐಸೋಥಾಲಿಕ್ ಅಂತ ಕರೆಯುವ ಪಾಲಿಯೆಸ್ಟರ್ ನೀರನ್ನು ಚೆನ್ನಾಗಿ ತಡೆಯುತ್ತದೆ. ನನ್ನ ಕೇಳಿದರೆ ನಮ್ಮ ಮಳೆಗೆ ಇದೇ ಸರಿ. ಎಪಾಕ್ಸಿ ಎಲ್ಲಕ್ಕಿಂತ ಗಟ್ಟಿ, ಕಬ್ಬಿಣಕ್ಕೂ ಚೆನ್ನಾಗಿ ಅಂಟುತ್ತದೆ, ಬೆಲೆಯೂ ಜೋರು. ಎಪಾಕ್ಸಿ ಬಳಸುವುದಾದರೆ ಸಾಮಾನ್ಯ ಮ್ಯಾಟ್ ತರಬೇಡಿ. ಆ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನೋ ದ್ರವದಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟ್ ಮೆತ್ತಗಾಗದೆ ಹಟ ಹಿಡಿದು ನಿಲ್ಲುತ್ತದೆ. ಅಲ್ಲಿಗೆ ನೇಯ್ದ ಬಟ್ಟೆಯೇ ಬೇಕು.

ಕರಾವಳಿಯವರಿಗೆ ಈ ವಸ್ತು ಅಪರಿಚಿತವೇನಲ್ಲ. ಮೀನುಗಾರಿಕೆಯ ಫೈಬರ್ ದೋಣಿಗಳು ಇದೇ ಮ್ಯಾಟ್, ಇದೇ ರೆಸಿನ್‌ನಿಂದ ಆಗುತ್ತವೆ. ದೋಣಿ ಕೆಲಸ ಮಾಡಿದ ಕೈಗೆ ಮಡ್‌ಗಾರ್ಡ್ ಮಾಡೋದು ದೊಡ್ಡ ವಿಷಯ ಅಲ್ಲ. ಸುಮ್ನೆ ಹೇಳ್ತಿಲ್ಲ, ಪದರ ಕೂರಿಸಿ ರೋಲರಿನಿಂದ ಗಾಳಿ ಹೊರಹಾಕುವ ಅಭ್ಯಾಸ ಇರೋದು ಅವರಿಗೇ.

ಲೆಕ್ಕ ಏನು ಹೇಳುತ್ತದೆ

ಇಲ್ಲಿಂದ ವಿಷಯ ಸ್ವಲ್ಪ ಕುತೂಹಲದ್ದು. ಉಕ್ಕು ಫೈಬರ್‌ಗಿಂತ ಎಷ್ಟು ಬಿಗಿ? ಕೈಯಲ್ಲಿ ಮ್ಯಾಟ್ ಹಾಕಿ ಮಾಡಿದ ಫೈಬರ್‌ಗೆ ಹೋಲಿಸಿದರೆ ಸುಮಾರು 28 ಪಟ್ಟು. ಬಿಗಿಯನ್ನು ಗಿಗಾಪ್ಯಾಸ್ಕಲ್ ಅನ್ನೋ ಮಾನದಲ್ಲಿ ಅಳೆಯುತ್ತಾರೆ. ಉಕ್ಕಿನ ಅಳತೆ ಸುಮಾರು 200, ಇಂಥ ಫೈಬರಿನದು 7ರ ಆಸುಪಾಸು. ಇದನ್ನು ಕೇಳಿದರೆ ಫೈಬರ್ ಬಾನೆಟ್ ರಬ್ಬರಿನ ಹಾಗೆ ತೊನೆಯಬೇಕು ಅನ್ನಿಸುತ್ತದೆ ಅಲ್ವಾ? ಹಾಗಾಗಲ್ಲ. ಯಾಕೆಂದರೆ ಒಂದು ಹಾಳೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಬಿಗಿ ಎಂಟು ಪಟ್ಟು. ಮೂರು ಪಟ್ಟು ಮಾಡಿದರೆ ಇಪ್ಪತ್ತೇಳು ಪಟ್ಟು.

ಈಗ ಕಾರಿನ ತಗಡು 0.8 ಮಿ.ಮೀ. ಇದೆ ಅಂದುಕೊಳ್ಳಿ. ಅದರಷ್ಟೇ ಬಾಗದೆ ನಿಲ್ಲಬೇಕಾದರೆ ಫೈಬರ್ ಸುಮಾರು 2.5 ಮಿ.ಮೀ. ಇದ್ದರೆ ಸಾಕು. ತೂಕ? ಒಂದು ಚದರ ಮೀಟರ್ ತಗಡು 6.3 ಕೆಜಿ ತೂಗುತ್ತದೆ. ಅಷ್ಟೇ ಅಗಲದ 2.5 ಮಿ.ಮೀ. ಫೈಬರ್ 3.8 ಕೆಜಿ. ಅಂದರೆ ಬಿಗಿ ಅಷ್ಟೇ, ತೂಕ ಶೇ. 40ರಷ್ಟು ಕಡಿಮೆ. ಜೀಪಿನ ತಗಡು ಇನ್ನೂ ದಪ್ಪ. 1.2 ಮಿ.ಮೀ. ತಗಡಿಗೆ ಸರಿಸಾಟಿಯಾಗಲು 3.7 ಮಿ.ಮೀ. ಫೈಬರ್ ಬೇಕು, ಅಂದರೆ 450ರ ಮ್ಯಾಟ್ ನಾಲ್ಕು ಪದರ.

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಪ್ಯಾನಲ್‌ಗಳ ಗುಟ್ಟು ಇಲ್ಲೇ ಇದೆ. 2.5ರ ಬದಲು 2 ಮಿ.ಮೀ.ಗೆ ನಿಲ್ಲಿಸಿದರೆ ಗಾಜು, ರೆಸಿನ್ ಎರಡೂ ಉಳಿಯುತ್ತವೆ. ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಬಿಗಿ ಅರ್ಧಕ್ಕೆ ಇಳಿಯುತ್ತದೆ. ಹೈವೇಯಲ್ಲಿ ಬಾನೆಟ್ ಪಟಪಟ ಅನ್ನುವುದು ಇಂಥ ಪ್ಯಾನಲ್‌ಗಳಲ್ಲೇ. "ಫೈಬರ್ ಅಂದ್ರೆ ಹಂಗೇ ಸಾರ್" ಅಂತ ಸಮಾಧಾನ ಹೇಳಿದರೆ ನಂಬಬೇಡಿ.

ಇಷ್ಟೆಲ್ಲ ಬಾಗುವ ಲೆಕ್ಕ. ಎಳೆಯುವ, ತಳ್ಳುವ ಲೆಕ್ಕವೇ ಬೇರೆ. ಒಂದು ವಿಸಿಟಿಂಗ್ ಕಾರ್ಡ್ ಕೈಗೆ ತಗೊಳ್ಳಿ. ಬಾಗಿಸೋದು ಸುಲಭ. ಎರಡೂ ಅಂಚು ಹಿಡಿದು ಎಳೆದು ಉದ್ದ ಮಾಡಿ ನೋಡಿ, ಆಗಲ್ಲ. ತಗಡೂ ಹೀಗೇ. ತನ್ನ ಮೈ ಉದ್ದಕ್ಕೆ ಎಳೆದಾಗ ಅದು ಭಾರೀ ಗಟ್ಟಿ. ಈ ದಿಕ್ಕಿನಲ್ಲಿ ದಪ್ಪದ ಘನದ ಲಾಭ ಫೈಬರ್‌ಗೆ ಸಿಗಲ್ಲ. ದಪ್ಪ ಎರಡು ಪಟ್ಟಾದರೆ ಬಿಗಿಯೂ ಎರಡೇ ಪಟ್ಟು. ಹಾಗಾಗಿ 0.8 ಮಿ.ಮೀ. ಉಕ್ಕಿಗೆ ಎಳೆತದಲ್ಲಿ ಸಮನಾಗಬೇಕಾದರೆ ಫೈಬರ್ ಸುಮಾರು 23 ಮಿ.ಮೀ. ದಪ್ಪ ಇರಬೇಕು. ಚದರ ಮೀಟರಿಗೆ 34 ಕೆಜಿ! ಅಷ್ಟು ದಪ್ಪದ ಫೈಬರ್ ಯಾರೂ ಹಾಕಲ್ಲ, ಹಾಕಬೇಕಾಗಿಯೂ ಇಲ್ಲ.

ಗಾಡಿಯ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಅನ್ನೋದಕ್ಕೆ ಈ ಎರಡು ಲೆಕ್ಕವೇ ಉತ್ತರ. ಬಾನೆಟ್, ಮಡ್‌ಗಾರ್ಡ್, ಡಿಕ್ಕಿ ಮುಚ್ಚಳಗಳಿಗೆ ಬೇಕಾದದ್ದು ಬಾಗದೆ ನಿಲ್ಲೋದು, ಗಾಳಿಗೆ ತೊನೆಯದೆ ಇರೋದು. ಅಲ್ಲಿ ಫೈಬರ್ ಗೆಲ್ಲುತ್ತದೆ. ಬಾಗಿಲ ಕೆಳಗಿನ ಪೊಳ್ಳು ಪಟ್ಟಿ, ಕಂಬಗಳು, ನೆಲದ ತಗಡು, ಸಸ್ಪೆನ್ಷನ್ ಕೂರುವ ಜಾಗ, ಇವು ಗಾಡಿ ಗುಂಡಿಗೆ ಇಳಿದಾಗಲೆಲ್ಲ ಎಳೆತ-ತಳ್ಳಾಟ ತಿನ್ನುತ್ತವೆ. ಅಲ್ಲಿ ಫೈಬರ್ ಸೋಲುತ್ತದೆ.

ಯಾವ ಗಾಡಿಗೆ ಎಷ್ಟು

ಹಳೇ ಮಹೀಂದ್ರ ಜೀಪು, ಬೊಲೆರೊ, ಮಾರುತಿ ಜಿಪ್ಸಿ ಇಂಥವುಗಳ ಕೆಳಗೆ ಏಣಿಯ ಹಾಗಿರುವ ಪ್ರತ್ಯೇಕ ಚಾಸಿಸ್ ಇದೆ. ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಅದಕ್ಕೇ ಕಟ್ಟಿರುತ್ತವೆ. ಬಾಡಿ ಅದರ ಮೇಲೆ ರಬ್ಬರ್ ಇಟ್ಟು ಬೋಲ್ಟ್ ಹಾಕಿ ಕೂರಿಸಿದ್ದು. ಇಂಥ ಗಾಡಿಗಳಿಗೆ ಬಾನೆಟ್, ಮಡ್‌ಗಾರ್ಡ್ ಮಾತ್ರವಲ್ಲ, ಇಡೀ ಬಾಡಿಯನ್ನೇ ಫೈಬರ್‌ನಲ್ಲಿ ಮಾಡಿ ಕೂರಿಸಬಹುದು. ಅಮೆರಿಕದಲ್ಲಿ ಸಿಜೆ ಅನ್ನೋ ಹಳೇ ಮಾದರಿಯ ಜೀಪುಗಳಿಗೆ ಪೂರ್ತಿ ಫೈಬರ್ ಬಾಡಿ ಮಾಡಿ ಮಾರುವ ವ್ಯಾಪಾರವೇ ಇದೆ. ಆದರೆ ಸೀಟು, ಸೀಟ್ ಬೆಲ್ಟ್, ಸ್ಟೀರಿಂಗ್ ಕಂಬ, ಪೆಡಲ್, ರೋಲ್ ಬಾರ್ ಇವನ್ನೆಲ್ಲ ಬರೀ ಫೈಬರ್‌ಗೆ ಬೋಲ್ಟ್ ಮಾಡಬಾರದು. ಒಳಗೆ ಉಕ್ಕಿನ ಪಟ್ಟಿ ಹಾಯಿಸಿ, ಭಾರ ಚಾಸಿಸ್‌ಗೆ ಇಳಿಯುವ ಹಾಗೆ ಮಾಡಬೇಕು. ಬೆಲ್ಟಿನ ಬೋಲ್ಟ್ ಫೈಬರ್ ಹರಿದುಕೊಂಡು ಕಿತ್ತು ಬಂದರೆ ಆ ಬೆಲ್ಟ್ ಇದ್ದೂ ಇಲ್ಲದ ಹಾಗೆ.

ಮಾರುತಿ 800, ಓಮ್ನಿ, ಅಂಬಾಸಡರ್, ಪದ್ಮಿನಿ, ಕಾಂಟೆಸಾಗಳ ಕಥೆ ಬೇರೆ. ಇವಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡುಗಳನ್ನು ಮಡಿಸಿ ವೆಲ್ಡ್ ಮಾಡಿದ ಬಾಡಿಯೇ ಚಾಸಿಸ್. ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ಭಾಗಗಳನ್ನು ಬದಲಿಸಬಹುದು. ವೆಲ್ಡ್ ಮಾಡಿ ಕೂರಿಸಿದ ಭಾಗಕ್ಕೆ ಫೈಬರ್ ಯೋಚನೆಯೇ ಬೇಡ, ಅಲ್ಲಿಗೆ ಉಕ್ಕೇ ಆಗಬೇಕು. ಬಾಗಿಲು ಮಧ್ಯದ್ದು. ಬೋಲ್ಟಿನಲ್ಲೇ ನಿಂತಿದ್ದರೂ ಪಕ್ಕದಿಂದ ಗುದ್ದಿದಾಗ ಕಾಯುವುದು ಅದೇ. ನಾನಂತೂ ಬಾಗಿಲಿಗೆ ಫೈಬರ್ ಹಾಕಿಸಿ ಅನ್ನಲ್ಲ.

ಹಾಗಾದರೆ ಫೈಬರ್ ಕಾರುಗಳೇ ಇವೆಯಲ್ಲ ಅಂತ ಕೇಳಬಹುದು. ಇವೆ. 1953ರಲ್ಲಿ ಅಮೆರಿಕದಲ್ಲಿ ಬಂದ ಶೆವ್ರೊಲೆ ಕಾರ್ವೆಟ್ ಪ್ರಸಿದ್ಧ. ಮೊದಲ ವರ್ಷ 300 ಕಾರು ಮಾಡಿದರು, ಎಲ್ಲವೂ ಬಿಳಿ. ಬಾಡಿ ಫೈಬರ್, ಆದರೆ ಕೆಳಗೆ ಉಕ್ಕಿನ ಚಾಸಿಸ್. ನಮ್ಮ ಬೆಂಗಳೂರಿನದೇ ಉದಾಹರಣೆಗಳೂ ಇವೆ. ಎಪ್ಪತ್ತರ ದಶಕದಲ್ಲಿ ಇಲ್ಲಿ ಬಾದಲ್ ಅನ್ನುವ ಮೂರು ಚಕ್ರದ ಫೈಬರ್ ಕಾರು ತಯಾರಾಗುತ್ತಿತ್ತು. ಆಮೇಲೆ 1982ರಲ್ಲಿ ಸಿಪಾನಿ ಕಂಪನಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಅವತಾರ ಅದು, ಫೈಬರ್ ಬಾಡಿ, ಕೆಳಗೆ ಉಕ್ಕಿನ ಚಾಸಿಸ್. 2001ರಲ್ಲಿ ಬಂದ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರಿನ ಪ್ಯಾನಲ್‌ಗಳು ಪ್ಲಾಸ್ಟಿಕ್, ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು. ಎಲ್ಲರೂ ಮಾಡಿದ್ದು ಒಂದೇ: ಭಾರ ಉಕ್ಕಿಗೆ, ಆಕಾರ ಫೈಬರ್‌ಗೆ ಅಥವಾ ಪ್ಲಾಸ್ಟಿಕ್‌ಗೆ. ಇದಕ್ಕೆ ಅಪವಾದ ಅಂದರೆ 1957ರ ಲೋಟಸ್ ಎಲೀಟ್. ಅದರಲ್ಲಿ ಭಾರವನ್ನೂ ಫೈಬರೇ ಹೊರುತ್ತಿತ್ತು. ಆದರೆ ಅದನ್ನು ಮೊದಲಿನಿಂದಲೇ ಹಾಗೆ ರೂಪಿಸಿದ್ದರು, ಮುಂದಿನ ಗಾಜಿನ ಸುತ್ತ ಉಕ್ಕಿನ ಕೊಳವೆಯನ್ನೂ ಒಳಗೆ ಹುದುಗಿಸಿದ್ದರು. ಉಕ್ಕಿಗೆಂದು ರೂಪಿಸಿದ ಕಾರಿನ ಒಂದು ಭಾಗ ತೆಗೆದು ಅಲ್ಲಿ ಫೈಬರ್ ತುರುಕೋದು ಬೇರೆ ವಿಷಯ.

ಇನ್ನೊಂದು ಮಾತು. ನಿಮ್ಮ ಗಾಡಿಗೆ ಹೊಸ ಉಕ್ಕಿನ ಮಡ್‌ಗಾರ್ಡ್ ಸುಲಭವಾಗಿ, ಸರಿಯಾದ ಬೆಲೆಗೆ ಸಿಗುತ್ತಿದ್ದರೆ ಅದನ್ನೇ ತನ್ನಿ. ತಂದ ದಿನವೇ ಒಳಮೈಗೆ ತುಕ್ಕು ತಡೆಯುವ ಲೇಪ ಹೊಡೆಸಿ. ಫೈಬರಿನ ನಿಜವಾದ ಉಪಯೋಗ ಇರೋದು ಭಾಗ ಸಿಗುವುದೇ ನಿಂತುಹೋದ ಗಾಡಿಗಳಿಗೆ, ಇಲ್ಲವೇ ಉಕ್ಕು ಎಷ್ಟು ಸಲ ಬದಲಿಸಿದರೂ ನಿಲ್ಲದ ಊರುಗಳಿಗೆ.

ಮಾಡಿಸುವಾಗ, ಕೊಳ್ಳುವಾಗ

ಸಿದ್ಧ ಪ್ಯಾನಲ್ ಕೊಳ್ಳುವುದಾದರೆ ಪೇಂಟ್ ಹೊಡೆಯದ್ದನ್ನೇ ಕೊಳ್ಳಿ. ಬಿಸಿಲಿಗೆ ಎತ್ತಿ ಹಿಡಿದು ಹಿಂಭಾಗದಿಂದ ನೋಡಿ. ಗಾಜು ಒದ್ದೆಯಾಗದ ಜಾಗ ಬಿಳಿ ಬಿಳಿ ಕಾಣುತ್ತದೆ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಸದ್ದು ಒಮ್ಮೆಲೇ ಮಂಕಾದರೆ ಅಲ್ಲಿ ಪದರಗಳ ನಡುವೆ ಗಾಳಿ ಸೇರಿದೆ. ಅಂಚಿನಲ್ಲಿ ದಪ್ಪ ಅಳೆಯಿರಿ, ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿ. ಅಂಚು ಮಾತ್ರ ದಪ್ಪ ಮಾಡಿ ಮಧ್ಯ ತೆಳು ಬಿಡುವವರಿದ್ದಾರೆ. ಘಾಟು ವಾಸನೆ ಇನ್ನೂ ಜೋರಾಗಿದ್ದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ. ಇಂಥದ್ದಕ್ಕೆ ಅವಸರದಲ್ಲಿ ಪೇಂಟ್ ಹೊಡೆದರೆ ಆಮೇಲೆ ಪ್ಯಾನಲ್ ಕುಗ್ಗಿ, ಒಳಗಿನ ಮ್ಯಾಟಿನ ಎಳೆಗಳ ಗುರುತು ಪೇಂಟಿನ ಮೇಲೆ ಮೂಡುತ್ತದೆ.

ಮಾಡಿಸುವುದಾದರೆ ತುಕ್ಕು ಹಿಡಿದ ಹಳೇ ಭಾಗವನ್ನು ಬಿಸಾಡಬೇಡಿ. ಅಚ್ಚು ತೆಗೆಯೋಕೆ ಅದೇ ಬೇಕು. ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ ನುಣುಪು ಮಾಡಿ, ಅಂಟಿಕೊಳ್ಳದಿರಲಿ ಅಂತ ಮೇಣ ಹಲವು ಸಲ ಹಚ್ಚಿ, ಅದರ ಮೇಲೆ ಫೈಬರ್ ಹಾಕಿ ಅಚ್ಚು ತೆಗೆಯುತ್ತಾರೆ. ಹಳೇ ಭಾಗದಲ್ಲಿರುವ ಪ್ರತಿ ಗೀರೂ ಅಚ್ಚಿಗೆ ಬರುತ್ತದೆ, ಅಚ್ಚಿನಿಂದ ಹೊಸ ಪ್ಯಾನಲ್‌ಗೂ ಬರುತ್ತದೆ. ಹಾಗಾಗಿ ಉಜ್ಜುವ ಕೆಲಸಕ್ಕೇ ಹೆಚ್ಚು ಸಮಯ ಹೋಗುತ್ತದೆ, ಹೋಗಲಿ ಬಿಡಿ. ಅಚ್ಚು ಪ್ಯಾನಲ್‌ಗಿಂತ ಎರಡು ಪಟ್ಟಾದರೂ ದಪ್ಪ ಇರಬೇಕು, ಇಲ್ಲದಿದ್ದರೆ ಅಚ್ಚೇ ತಿರುಚಿಕೊಳ್ಳುತ್ತದೆ. ಅಚ್ಚಿನೊಳಗೆ ಮೊದಲು ಬಳಿಯುವುದು ಜೆಲ್‌ಕೋಟ್ ಅನ್ನೋ ದಪ್ಪನೆಯ ರೆಸಿನ್ ಲೇಪ, ಅರ್ಧ ಮಿ.ಮೀ. ದಪ್ಪಕ್ಕೆ. ಪ್ಯಾನಲ್ ಹೊರಬಂದಾಗ ಇದೇ ಹೊರಮೈ. ಅದರ ಹಿಂದೆ ಮ್ಯಾಟ್ ಪದರಗಳು.

ಬಾನೆಟ್‌ನಂಥ ಅಗಲದ ಭಾಗಕ್ಕೆ ಹಿಂದೆ ಏಣುಗಳು, ಅಂದರೆ ಬಿಗಿ ಕೊಡುವ ಉಬ್ಬು ಪಟ್ಟಿಗಳು, ಬೇಕೇ ಬೇಕು. ಫೋಮಿನ ಪಟ್ಟಿ ಇಟ್ಟು ಅದರ ಮೇಲೆ ಎರಡು ಪದರ ಮ್ಯಾಟ್ ಹಾಯಿಸಿದರೆ ಏಣು ಆಯಿತು. ಬಲ ಬರೋದು ಫೋಮಿನಿಂದಲ್ಲ, ಅದರ ಮೇಲಿನ ಆಕಾರದಿಂದ. ಕೆಲವರು ಹಳೇ ಬಾನೆಟ್‌ನ ಉಕ್ಕಿನ ಒಳಚೌಕಟ್ಟನ್ನೇ ಉಳಿಸಿ ಅದಕ್ಕೆ ಫೈಬರ್ ಹೊರಮೈ ಅಂಟಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ತುಕ್ಕು ಹಿಡಿಯುವ ಭಾಗವನ್ನೇ ಕಣ್ಣಿಗೆ ಕಾಣದ ಹಾಗೆ ಒಳಗಿಟ್ಟು ಸೀಲ್ ಮಾಡಿದಂತಾಯಿತು.

ಈ ಕೆಲಸದಲ್ಲಿ ಒಂದು ಎಚ್ಚರಿಕೆ ಎಲ್ಲಕ್ಕಿಂತ ದೊಡ್ಡದು. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಎರಡು ದ್ರವ ಸೇರಿಸುತ್ತಾರೆ. ನೇರಳೆ ಬಣ್ಣದ ಆಕ್ಸಿಲರೇಟರ್, ನೀರಿನಂತೆ ತಿಳಿಯಾದ ಕ್ಯಾಟಲಿಸ್ಟ್. ಇವೆರಡನ್ನೂ ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಆಕ್ಸಿಲರೇಟರನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಕಬೇಕು, ಆಮೇಲೆ ಕ್ಯಾಟಲಿಸ್ಟ್. ಎರಡು ಬಾಟಲಿಗೆ ಒಂದೇ ಅಳತೆ ಲೋಟ ಬಳಸೋದೂ ತಪ್ಪು. ಕ್ಯಾಟಲಿಸ್ಟ್ ಪ್ರಮಾಣ ರೆಸಿನ್ ತೂಕದ ಶೇ. 1ರಿಂದ 2. ಬೇಗ ಆಗಲಿ ಅಂತ ಜಾಸ್ತಿ ಸುರಿದರೆ ಡಬ್ಬದಲ್ಲೇ ಹೊಗೆಯಾಡುತ್ತದೆ. ಕ್ಯಾಟಲಿಸ್ಟ್ ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣು ಹೋಗಬಹುದು, ರಕ್ಷಣಾ ಕನ್ನಡಕ ಇಲ್ಲದೆ ಮುಟ್ಟಬೇಡಿ. ಉಜ್ಜುವಾಗ ಬರುವ ಗಾಜಿನ ಧೂಳು ಮೈಯೆಲ್ಲ ನವೆ ಎಬ್ಬಿಸುತ್ತದೆ. ಅದಕ್ಕೆ ಮಾಸ್ಕ್ ಬೇಕು, ತುಂಬುತೋಳಿನ ಅಂಗಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಈ ಕೆಲಸ ಮಾಡಿಸದಿರುವುದೇ ಒಳ್ಳೆಯದು. ಮ್ಯಾಟ್ ತೇವ ಹೀರಿದ್ದರೆ ರೆಸಿನ್ ಅದಕ್ಕೆ ಸರಿಯಾಗಿ ಹಿಡಿಯಲ್ಲ.

ಕೂರಿಸುವಾಗ

ಉಕ್ಕಿನ ಪ್ಯಾನಲ್ ಬಿಚ್ಚಿ ಅದೇ ತೂತುಗಳಿಗೆ ಫೈಬರ್ ಪ್ಯಾನಲ್ ಬೋಲ್ಟ್ ಮಾಡಿದರೆ ಆಯಿತು ಅಂದುಕೊಂಡರೆ ತೊಂದರೆ ಶುರು. ಫೈಬರ್ ಬಿಸಿಲಿಗೆ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಒಂದು ಮೀಟರಿಗಿಂತ ಉದ್ದದ ಪ್ಯಾನಲ್ ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಬಂದಾಗ ಈ ವ್ಯತ್ಯಾಸ ಅರ್ಧ ಮಿ.ಮೀ. ದಾಟುತ್ತದೆ. ತೂತು ಬಿಗಿಯಾಗಿದ್ದರೆ ಹಿಗ್ಗೋಕೆ ಜಾಗ ಇಲ್ಲ, ಬೋಲ್ಟಿನ ಸುತ್ತ ಒತ್ತಡ ಬೀಳುತ್ತದೆ. ಅದಕ್ಕೇ ತೂತುಗಳನ್ನು ಸ್ವಲ್ಪ ಉದ್ದಕ್ಕೆ ಕೊರೆಯಬೇಕು, ಅಗಲದ ವಾಷರ್ ಮತ್ತು ರಬ್ಬರ್ ಹಾಕಬೇಕು. ಬೋಲ್ಟ್ ಕೂರುವ ಅಂಚು ಉಳಿದ ಭಾಗಕ್ಕಿಂತ ದಪ್ಪ ಇರಬೇಕು, 5-6 ಮಿ.ಮೀ. ಆದರೂ ಬೇಕು. ಹಿಂಜ್, ಲಾಕ್ ಬರುವ ಜಾಗದಲ್ಲಿ ನಟ್ ವೆಲ್ಡ್ ಮಾಡಿದ ಉಕ್ಕಿನ ಪ್ಲೇಟನ್ನು ಪದರಗಳ ನಡುವೆ ಹುದುಗಿಸುವುದು ಸರಿಯಾದ ಕ್ರಮ. ಬಾನೆಟ್ ಹಗುರವಾಗಿರುವುದರಿಂದ ಗಾಳಿ ಎತ್ತೋದು ಸುಲಭ. ಹಳೇ ಲಾಕ್ ಜೊತೆಗೆ ಮೇಲಿನಿಂದ ಹಾಕುವ ಕೊಂಡಿಯನ್ನೂ ಹಾಕಿಸಿ.

ಗ್ಯಾರೇಜುಗಳಲ್ಲಿ ತಲೆ ಕೆಡಿಸುವ ಇನ್ನೊಂದು ಸಮಸ್ಯೆ ಇದೆ. ಹೊಸ ಮಡ್‌ಗಾರ್ಡ್ ಕೂರಿಸಿದ ಮೇಲೆ ಇಂಡಿಕೇಟರ್ ಉರಿಯಲ್ಲ, ಹಾರ್ನ್ ಹೊಡೆಯಲ್ಲ. ಬಲ್ಬು ಬದಲಿಸಿ, ಫ್ಯೂಸ್ ನೋಡಿ, ವೈರಿಂಗ್ ಪೂರ್ತಿ ಕೆದಕಿ ದಿನ ಕಳೆಯುತ್ತಾರೆ. ಕಾರಣ ಸರಳ. ಹಳೇ ಗಾಡಿಗಳಲ್ಲಿ ದೀಪಕ್ಕೆ ಒಂದೇ ವೈರ್ ಬರುತ್ತದೆ, ಅರ್ಥಿಂಗ್ ಬಾಡಿಯ ತಗಡಿನ ಮೂಲಕವೇ. ಫೈಬರ್‌ನಲ್ಲಿ ವಿದ್ಯುತ್ ಹರಿಯಲ್ಲ. ಪ್ರತಿ ದೀಪಕ್ಕೂ ಒಂದು ಅರ್ಥ್ ವೈರ್ ಎಳೆದು ಚಾಸಿಸ್‌ಗೆ ಕಟ್ಟಿದರೆ ಮುಗಿಯಿತು. ಅಂದಹಾಗೆ, ವಿದ್ಯುತ್ ಹರಿಯದಿರುವುದರಿಂದ ಒಂದು ಲಾಭವೂ ಇದೆ. ಕಾರ್ಬನ್ ಫೈಬರ್ ತನ್ನನ್ನು ಮುಟ್ಟಿದ ಲೋಹಕ್ಕೆ ಬೇಗ ತುಕ್ಕು ಹಿಡಿಸುತ್ತದೆ, ಗಾಜಿನ ಫೈಬರ್ ಹಾಗೆ ಮಾಡಲ್ಲ.

ಸೈಲೆನ್ಸರ್ ಪೈಪಿನ ಹತ್ತಿರ ಫೈಬರ್ ಬರದ ಹಾಗೆ ನೋಡಿಕೊಳ್ಳಿ. ಸಾಮಾನ್ಯ ಪಾಲಿಯೆಸ್ಟರ್ 60-70 ಡಿಗ್ರಿಗೇ ಮೆತ್ತಗಾಗೋಕೆ ಶುರುವಾಗುತ್ತದೆ, ಬೆಂಕಿ ತಗುಲಿದರೆ ಕಪ್ಪು ಹೊಗೆ ಬಿಟ್ಟು ಉರಿಯುತ್ತದೆ. ನಡುವೆ ತಗಡಿನ ಅಡ್ಡ ಹಾಳೆ ಕೊಟ್ಟರೆ ಸಾಕು. ಪೇಂಟಿಗೆ ಮುಂಚೆ ಅಚ್ಚಿನಿಂದ ಅಂಟಿಬಂದ ಮೇಣವನ್ನು ಪೂರ್ತಿ ತೊಳೆದು, ಆಮೇಲೆ ಉಜ್ಜಿ. ಉಲ್ಟಾ ಮಾಡಿದರೆ ಮೇಣ ಗೀರುಗಳ ಒಳಗೆ ಕೂತು ಪೇಂಟ್ ಸಿಪ್ಪೆ ಏಳುತ್ತದೆ.

ಮತ್ತೆ, ಹೊಸ ಪ್ಯಾನಲ್ ಕೂರುವ ಉಕ್ಕಿನ ಬಗ್ಗೆ ಯಾರೂ ಯೋಚಿಸಲ್ಲ. ಮಡ್‌ಗಾರ್ಡ್ ಕೊಳೆತಿದ್ದರೆ ಅದು ಬೋಲ್ಟ್ ಆಗಿದ್ದ ಪಟ್ಟಿಗೂ ತುಕ್ಕು ಹಿಡಿದೇ ಇರುತ್ತದೆ. ಅದನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬೇಕಾದರೆ ಕತ್ತರಿಸಿ ವೆಲ್ಡ್ ಮಾಡಿ, ಎಪಾಕ್ಸಿ ಪ್ರೈಮರ್ ಹೊಡೆದ ಮೇಲೆಯೇ ಫೈಬರ್ ಕೂರಿಸಬೇಕು.

ಆರ್‌ಸಿ, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಗಳಿಗೆ ಆರ್‌ಸಿಯಲ್ಲಿರುವ ವಿವರ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಹೇಳಿತು. ಅದೇ ಆಕಾರ, ಅದೇ ಬಣ್ಣದ ಮಡ್‌ಗಾರ್ಡ್ ಹಾಕಿದರೆ ಆರ್‌ಸಿಯ ಯಾವ ವಿವರವೂ ಬದಲಾಗಲ್ಲ. ಜೀಪಿನ ಇಡೀ ಬಾಡಿ ಬದಲಿಸಿ, ಬಟ್ಟೆ ಟಾಪ್ ಇದ್ದದ್ದನ್ನು ಗಟ್ಟಿ ಟಾಪ್ ಮಾಡಿ, ಬಣ್ಣವನ್ನೂ ಬದಲಿಸಿದರೆ ಬದಲಾಗುತ್ತದೆ. ಅಂಥ ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಹೇಗೂ ಗಾಡಿ ತೋರಿಸಲೇಬೇಕು.

ಇನ್ಶೂರೆನ್ಸ್‌ನಲ್ಲಿ ಒಂದು ತಮಾಷೆಯ ವಿಷಯ ಇದೆ. ಕ್ಲೇಮ್ ಬಂದಾಗ ಹಳೇ ಭಾಗದ ಸವಕಳಿ ಅಂತ ಕಂಪನಿ ಒಂದಷ್ಟು ಕಳೆಯುತ್ತದೆ. ಸಾಮಾನ್ಯ ನಿಯಮದಂತೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50. ಲೋಹಕ್ಕೆ ಗಾಡಿಯ ವಯಸ್ಸಿನ ಪ್ರಕಾರ, ಹತ್ತು ವರ್ಷ ದಾಟಿದ ಮೇಲೆ ಅದೂ ಶೇ. 50. ಫೈಬರ್‌ಗ್ಲಾಸ್ ಭಾಗಕ್ಕೆ ಮಾತ್ರ ಶೇ. 30. ಅಂದರೆ ಹಳೇ ಗಾಡಿಗೆ ಫೈಬರ್ ಮಡ್‌ಗಾರ್ಡೇ ಲಾಭ! ಆದರೆ ನೀವು ಅದನ್ನು ಹಾಕಿಸಿದ್ದು ಕಂಪನಿಗೆ ತಿಳಿಸಿರಬೇಕು. ಬದಲಾವಣೆಯ ಬಿಲ್ಲು, ಫೋಟೊ ಕೊಟ್ಟು ಪಾಲಿಸಿಯಲ್ಲಿ ದಾಖಲಿಸಿಕೊಳ್ಳಿ. ತಿಳಿಸದಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರುತ್ತದೆ.

ಗುದ್ದಿದಾಗ ಉಕ್ಕು ನೆಗ್ಗುತ್ತದೆ, ಫೈಬರ್ ಒಡೆಯುತ್ತದೆ. ನೆಗ್ಗಿದ ಉಕ್ಕನ್ನು ಬಡಿದು ಎಬ್ಬಿಸಬಹುದು. ಫೈಬರ್‌ಗೆ ಆ ಉಪಾಯ ಇಲ್ಲ, ಆದರೆ ಒಡೆದ ತುಂಡುಗಳಿದ್ದರೆ ಜೋಡಿಸುವುದು ಇನ್ನೂ ಸುಲಭ. ಹಿಂಭಾಗದಲ್ಲಿ ಬಿರುಕಿನ ಎರಡೂ ಕಡೆ ಇಳಿಜಾರಾಗಿ ಉಜ್ಜಿ, ಮೂರು ಮಿ.ಮೀ. ದಪ್ಪದ ಪ್ಯಾನಲ್ ಆದರೆ ಒಂದೊಂದು ಕಡೆ ಮೂರ್ನಾಲ್ಕು ಸೆಂ.ಮೀ. ಅಗಲಕ್ಕೆ, ಸಣ್ಣ ಮ್ಯಾಟಿನಿಂದ ದೊಡ್ಡದರವರೆಗೆ ಪದರ ಪದರವಾಗಿ ತುಂಬಬೇಕು. ಬರೀ ಬಿರುಕಿನ ಮೇಲೆ ಪುಟ್ಟಿ ಎಳೆದರೆ ಅದೇ ಜಾಗದಲ್ಲಿ ಮತ್ತೆ ಬಿಡುತ್ತದೆ. ಮೊದಲ ಬೇಸಿಗೆ ಕಳೆದ ಮೇಲೆ ಬೋಲ್ಟುಗಳ ಸುತ್ತ ಒಮ್ಮೆ ಕಣ್ಣು ಹಾಯಿಸಿ. ನಕ್ಷತ್ರದ ಆಕಾರದ ಸಣ್ಣ ಬಿರುಕುಗಳು ಕಂಡರೆ ಬೋಲ್ಟ್ ವಿಪರೀತ ಬಿಗಿಯಾಗಿದೆ ಎಂದರ್ಥ. ಬಿಚ್ಚಿ, ತೂತನ್ನು ಇನ್ನೊಂದು ಮಿ.ಮೀ. ಹಿಗ್ಗಿಸಿ, ವಾಷರ್ ಇನ್ನೂ ಅಗಲದ್ದು ಹಾಕಿ.